ಯಾವ ಸಿನಿಮಾವನ್ನೂ ಮೆಚ್ಚದ ಮನುಷ್ಯ

ಯಾವ ಸಿನಿಮಾವೂ ಅವರ ಬಾಯಿಗೆ ಸಿಕ್ಕಿ ಮರ್ಯಾದೆ ಉಳಿಸಿಕೊಂಡು ಹೋದದ್ದಿಲ್ಲ. ಎಲ್ಲರೂ ಹೊಗಳಿ ಅಟ್ಟಕ್ಕೇರಿಸಿದ ಚಿತ್ರವಿರಲಿ, ಬಿಡುಗಡೆಯಾದ ದಿನವೇ ನೆಲಕಚ್ಚಿದ ಚಿತ್ರವಿರಲಿ, ಅವರ ನ್ಯಾಯಾಲಯದಲ್ಲಿ ಎರಡಕ್ಕೂ ಒಂದೇ ಶಿಕ್ಷೆ. ವಾರಕ್ಕೊಂದಾದರೂ ಚಿತ್ರವನ್ನು ಟಿಕೆಟ್ ಕೊಂಡು, ಕಣ್ಣು ಮಿಟುಕಿಸದೆ ನೋಡಿ ಬಂದು, ಮರುದಿನ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ, ಯಂತ್ರದ ಹಾಸಿಗೆಯ ಮೇಲೆ ಅಲ್ಲಾಡದೆ ಮಲಗಿರಬೇಕಾದ ಅಸಹಾಯಕ ರೋಗಿಯ ಮುಂದೆ ಅದರ ಚರ್ಮ ಸುಲಿಯುವುದು ಅವರ ನಿತ್ಯಕರ್ಮ. “ಹೇಳಬಾರದು, ಆದ್ರೂ ಹೇಳ್ತೀನಿ” ಎಂಬುದು ಪೀಠಿಕೆ. ಆ ಪೀಠಿಕೆ ಕೇಳಿಸಿತೆಂದರೆ ನಾಯಕನಿಗೂ ಉಳಿಗಾಲವಿಲ್ಲ, ನಿರ್ದೇಶಕನಿಗೂ ಇಲ್ಲ. ಹೊಳೆಯಲ್ಲಿ ಮುಳುಗೆದ್ದವನ ಕ್ರಾಪು ಕೆಡದೆ ಉಳಿದದ್ದು ಹೇಗೆ, ಅನ್ನಕ್ಕಿಲ್ಲದವಳ ಕೋಣೆಗೆ ಅಷ್ಟು ಬೆಳಕು ಎಲ್ಲಿಂದ ಬಂತು ಎಂದು ಒಂದೊಂದಾಗಿ ಲೆಕ್ಕ ಕೇಳುವರು. ಕಥೆಯಲ್ಲಿ ಆಸ್ಪತ್ರೆ ಬಂದುಬಿಟ್ಟರಂತೂ ಕೇಳುವುದೇ ಬೇಡ. “ಆ ಡಾಕ್ಟ್ರು ಎಕ್ಸ್‌ರೇನ ತಲೆಕೆಳಗಾಗಿ ಹಿಡ್ಕೊಂಡಿದಾನೆ ಕಣ್ರೀ! ತಲೆಕೆಳಗಾಗಿ ಹಿಡ್ಕೊಂಡು, ಇನ್ನು ಸ್ವಲ್ಪೇ ದಿನ ಅಂತ ಕಣ್ಣೀರು ಬೇರೆ ಹಾಕ್ತಾನೆ!”

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ವಿಮರ್ಶಕರು ಎಂದೇ ಕರೆಯುತ್ತಿದ್ದರು. ವೃತ್ತಿಯಿಂದ ಸ್ಕ್ಯಾನ್ ಯಂತ್ರ ನಡೆಸುವ ಟೆಕ್ನಿಷಿಯನ್. ಯಂತ್ರ ಬಿಸಿಯಾಗದಿರಲೆಂದು ಆ ಕೋಣೆಯನ್ನು ಸದಾ ತಣ್ಣಗೆ ಇಡುತ್ತಿದ್ದುದರಿಂದ, ವರ್ಷವಿಡೀ ಬಿಳಿ ಕೋಟಿನೊಳಗೆ ಒಂದು ಕಂದು ಸ್ವೆಟರ್ ತೊಟ್ಟಿರುತ್ತಿದ್ದರು. ಮೊಣಕೈ ಸವೆದಲ್ಲಿ ಬೇರೆ ಬಣ್ಣದ ಉಣ್ಣೆಯಲ್ಲಿ ತೇಪೆ ಬಿದ್ದಿತ್ತು. ಹೊಸದು ಕೊಳ್ಳಬಾರದೇ ಎಂದರೆ, “ಅಕ್ಕ ಹೆಣೆದಿದ್ದು” ಎಂದಷ್ಟೇ ಹೇಳಿ ಮಾತು ಮುಗಿಸುವರು. ನಡಿಗೆಯೂ ವಿಚಿತ್ರ, ಎದುರಿಗೆ ಯಾರೂ ಇಲ್ಲದ ಕಾರಿಡಾರಿನಲ್ಲೂ, ಚಿತ್ರಮಂದಿರದಲ್ಲಿ ಕೂತವರ ಮೊಣಕಾಲು ತಪ್ಪಿಸಿಕೊಂಡು ಸೀಟು ಹುಡುಕುವವರ ಹಾಗೆ, ಓರೆಯಾಗಿ ಸರಿದುಕೊಂಡೇ ಹೋಗುತ್ತಿದ್ದರು.

ಅವರ ಜೊತೆಗೆ ಅದೇ ಕೋಣೆಯಲ್ಲಿ ಬಹುಕಾಲ ದುಡಿದ ನರ್ಸ್‌ಗೆ ಮೊದಮೊದಲು ಈ ಬೈಗುಳದ ಪಾರಾಯಣ ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲೆ ಅದರ ಹಿಂದಿನ ಸಂಕಟ ಅವಳಿಗೆ ಅರ್ಥವಾಯಿತು. ಸ್ಕ್ಯಾನ್ ಯಂತ್ರದ ಪರದೆಯ ಮೇಲೆ ಕಂಡದ್ದನ್ನು ರೋಗಿಗೆ ಹೇಳುವ ಅಧಿಕಾರ ಟೆಕ್ನಿಷಿಯನ್‌ಗೆ ಇಲ್ಲ. ಡಾಕ್ಟರು ನೋಡಿ, ವರದಿ ಬರೆದು, ಮರುದಿನ ಅವರೇ ಹೇಳಬೇಕು. ಆದರೆ ವರ್ಷಗಟ್ಟಲೆ ಅದೇ ಪರದೆ ನೋಡಿದ ಕಣ್ಣಿಗೆ ಕಾಣದೆ ಇರುತ್ತದೆಯೇ? ಮಲಗಿದವರೆಲ್ಲರದೂ ಒಂದೇ ಪ್ರಶ್ನೆ: “ಏನಾದ್ರೂ ಕಾಣ್ತಾ ಸಾರ್?” ಆ ಪ್ರಶ್ನೆ ಏಳುವ ಮೊದಲೇ ಅದರ ಬಾಯಿ ಮುಚ್ಚಿಸಲು ಇವರು ಸಿನಿಮಾವನ್ನು ಹಿಡಿದುಕೊಂಡಿದ್ದರು. ರೋಗಿಗೂ ತಮಗೂ ನಡುವಿನ ಗಾಜಿನ ಈಚೆ ಕೂತು, ಸ್ಕ್ಯಾನಿನ ಚಿತ್ರಗಳೆಲ್ಲ ಸರಿಯಾಗಿ ಬಂದಿವೆಯೇ ಎಂದು ನೋಡುವಷ್ಟು ಹೊತ್ತು, ಮೈಕಿನಲ್ಲಿ ವಿಮರ್ಶೆ ಸಾಗುತ್ತಿತ್ತು. ರೋಗಿಯನ್ನು ಬಾಗಿಲವರೆಗೆ ಬಿಡುವಾಗಲೂ ಅದು ನಿಲ್ಲುತ್ತಿರಲಿಲ್ಲ.

ಒಂದು ದಿನ ಮಾತ್ರ ಅವಳು ಬೆಚ್ಚಿದಳು. ಬೆಳಗ್ಗೆ ಒಬ್ಬ ಬಡಗಿಯ ಮುಂದೆ ಹುರಿದು ಮುಕ್ಕಿದ್ದ ಚಿತ್ರವನ್ನೇ, ಮಧ್ಯಾಹ್ನ ಒಬ್ಬ ಶಾಲಾ ಶಿಕ್ಷಕಿಯ ಮುಂದೆ, ಪೀಠಿಕೆಯಿಲ್ಲದೆ, ತಗ್ಗಿದ ದನಿಯಲ್ಲಿ, “ತುಂಬ ಒಳ್ಳೇ ಸಿನಿಮಾ ಮೇಡಂ. ಮನೆಯವರನ್ನೆಲ್ಲ ಕರ್ಕೊಂಡು ಹೋಗಿ ನೋಡಿ” ಎಂದುಬಿಟ್ಟರು. ಮರುದಿನ ಎರಡೂ ವರದಿ ಬಂದವು. ಬಡಗಿಗೆ ಏನೂ ಇರಲಿಲ್ಲ. ಶಿಕ್ಷಕಿಗೆ ಇತ್ತು. ಆಮೇಲೆ ಅವಳು ಕಿವಿಗೊಟ್ಟು ಕೇಳತೊಡಗಿದಳು. ಒಂದು ಸಲವೂ ತಪ್ಪಲಿಲ್ಲ. ಪರದೆ ಸ್ವಚ್ಛವಾಗಿದ್ದರೆ ಬೈಗುಳ. ಕೆಟ್ಟದ್ದೇನಾದರೂ ಕಂಡರೆ ಆ ಮನುಷ್ಯನಿಗೆ ಲೋಕದ ಯಾವ ವಸ್ತುವನ್ನೂ ಬೈಯುವ ಮನಸ್ಸೇ ಬರುತ್ತಿರಲಿಲ್ಲ. ಸೋಜಿಗವೆಂದರೆ, ಇದು ಅವರಿಗೇ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಹೊರಗಿನ ಬೆಂಚಿಗೆ. ಆಸ್ಪತ್ರೆಯ ಬೆಂಚಿಗೆ ತಿಳಿಯದ ಗುಟ್ಟಿಲ್ಲ. ಆಗಾಗ ತಪಾಸಣೆಗೆ ಬರುತ್ತಿದ್ದ ನಿವೃತ್ತ ಬಸ್ ಕಂಡಕ್ಟರೊಬ್ಬರು ಅಲ್ಲಿ ಕೂತು ಹೊಸಬರಿಗೆ ದೀಕ್ಷೆ ಕೊಡುತ್ತಿದ್ದರು: “ಒಳಗೆ ಸಿನಿಮಾ ಬೈದ್ರೆ ನಿಶ್ಚಿಂತೆಯಾಗಿ ಮನೆಗೆ ಹೋಗಿ. ಹೊಗಳಿದ್ರೆ ಮಾತ್ರ…” ಎಂದು ಅರ್ಧಕ್ಕೇ ನಿಲ್ಲಿಸಿ, ಪೇಪರು ಬಿಡಿಸಿಕೊಳ್ಳುವರು.

ಆ ಬೆಂಚಿನ ಮೇಲೆ ಒಂದು ದಿನ ವಿಮರ್ಶಕರ ಅಕ್ಕ ಬಂದು ಕೂತಳು. ತಾಯಿ ಇಲ್ಲದ ತಮ್ಮನನ್ನು ಸಾಕಿದವಳು, ಆ ಸ್ವೆಟರ್ ಹೆಣೆದವಳು, ಈಗಲೂ ಅವನ ಜೊತೆ ಸಿನಿಮಾಕ್ಕೆ ಹೋಗಿ, ಗೊಣಗಿದರೆ ತೊಡೆ ಚಿವುಟಿ ಸುಮ್ಮನಿರಿಸುವವಳು. ಹೊಟ್ಟೆನೋವು ಬಹಳ ದಿನದಿಂದ ಕಾಡುತ್ತಿತ್ತು. ಇವಳು ಯಾರಿಗೂ ಹೇಳಿರಲಿಲ್ಲ. ನರ್ಸ್ ಹೆಸರು ಕೂಗಲು ಬಾಗಿಲು ತೆರೆದಾಗ ಕಂಡಕ್ಟರು ತಮ್ಮ ಎಂದಿನ ಮಾತನ್ನು ಆಕೆಗೆ ಹೇಳಿ ಮುಗಿಸಿದ್ದರು. ಅಕ್ಕ ಸೆರಗನ್ನು ಭುಜದ ಮೇಲೆ ಎಳೆದುಕೊಂಡು ಎದ್ದು ಒಳಗೆ ಬಂದಳು. ಬೇರೆ ಟೆಕ್ನಿಷಿಯನ್ ಮಾಡಲಿ ಎಂದು ನರ್ಸ್ ಸೂಚಿಸಿದರೆ, ವಿಮರ್ಶಕರು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ.

“ಉಸಿರು ಎಳ್ಕೋ ಅಕ್ಕ. ಹಿಡ್ಕೋ.”

ಹಾಸಿಗೆ ಯಂತ್ರದೊಳಗೆ ಸರಿಯಿತು. ಪರದೆಯ ಮೇಲೆ ಬೂದು ಚಿತ್ರಗಳು ಒಂದರ ಹಿಂದೊಂದು ಬಂದವು. ಮುಂದಿನ ಮಾತು “ಬಿಡು” ಎಂದಾಗಬೇಕಿತ್ತು. ಅದು ಬರಲಿಲ್ಲ. ಯಂತ್ರ ನಿಂತರೂ ಬರಲಿಲ್ಲ. ಗಾಜಿನಾಚೆ ಅಕ್ಕ ಉಸಿರು ಕಟ್ಟಿಕೊಂಡು ಮಲಗಿದ್ದಳು, ಈಚೆ ತಮ್ಮನೂ ಉಸಿರಾಡುತ್ತಿರಲಿಲ್ಲ. ನರ್ಸ್ ಅವರ ಕೈಯ ಮೇಲಿಂದ ಬಾಗಿ ಮೈಕಿನ ಗುಂಡಿ ಒತ್ತಿ, “ಬಿಡಿ ಅಮ್ಮ, ಉಸಿರು ಬಿಡಿ” ಎಂದಳು. ಚಿತ್ರ ಓದಲು ಅವಳಿಗೆ ಬರುತ್ತಿರಲಿಲ್ಲ. ಆ ಮುಖ ಓದಿದಳು, ಅಷ್ಟೇ ಸಾಕಾಯಿತು.

ಅಷ್ಟರಲ್ಲಿ ಅಕ್ಕನ ದನಿ ಸ್ಪೀಕರಿನಿಂದ ಬಂತು. “ಈಚೆಗೆ ಯಾವ ಸಿನಿಮಾ ನೋಡ್ದೆಯೋ? ಹೇಗಿತ್ತು?”

ವಿಮರ್ಶಕರು ಮೈಕಿನತ್ತ ಬಾಗಿದರು. ತುಟಿಗಳ ಮೇಲೆ ಆಗಲೇ ಆ ಮೃದುವಾದ, ಭಯಂಕರವಾದ ಹೊಗಳಿಕೆ ಕೂತಿತ್ತು. ನರ್ಸ್ ಸರಕ್ಕನೆ ಮೈಕಿಗೆ ಅಂಗೈ ಅಡ್ಡ ಹಿಡಿದಳು.

“ಬೈಯ್ರಿ” ಎಂದಳು ಪಿಸುದನಿಯಲ್ಲಿ. “ಕೆಟ್ಟದ್ದು ಕಂಡಾಗ ಮಾತ್ರ ನೀವು ಸಿನಿಮಾ ಹೊಗಳ್ತೀರ. ಹೊರಗೆ ಎಲ್ರಿಗೂ ಗೊತ್ತು. ನಿಮ್ಮಕ್ಕನಿಗೂ ಈಗ ಗೊತ್ತಾಗಿದೆ. ಬೈಯ್ರಿ ಸಾರ್.”

“ನಾನಾ?” ಎಂದರು ಅವರು. ಅವಳು ಹೌದೆಂದು ತಲೆಯಾಡಿಸಿದಳು. ಅಷ್ಟು ವರ್ಷ ತಾನು ಮುಚ್ಚಿಟ್ಟೆನೆಂದುಕೊಂಡದ್ದನ್ನೆಲ್ಲ ತನ್ನ ಬಾಯೇ ಸಾರಿಕೊಂಡು ಬಂದಿದೆ ಎಂದು ತಿಳಿದ ಆ ಮುಖವನ್ನು ಅವಳಿಗೆ ನೋಡಲಾಗಲಿಲ್ಲ.

“ಯಾಕೋ ಸುಮ್ನಾದೆ?” ಎಂದಳು ಅಕ್ಕ.

“ಏನಿಲ್ಲಕ್ಕ. ಹೇಳಬಾರದು, ಆದ್ರೂ ಹೇಳ್ತೀನಿ” ಎಂದು ಶುರು ಮಾಡಿದರು. ದೋಣಿ ನಡೆಸುವ ಹೆಂಗಸಿನ ಕಥೆಯ ಒಂದು ಚಿತ್ರವನ್ನು ಎಳೆದು ತಂದರು. ಅವಳಿಗೆ ಹುಟ್ಟು ಹಿಡಿಯಲೇ ಬರುವುದಿಲ್ಲವೆಂದರು, ನದಿ ನದಿಯ ಹಾಗಿಲ್ಲವೆಂದರು, ಕೊನೆಗೆ ಅವಳು ಖಾಲಿ ದೋಣಿಯಲ್ಲಿ ಒಬ್ಬಳೇ ಮರಳುವ ದೃಶ್ಯಕ್ಕೆ ನಗು ಬಂತೆಂದರು. ಇಂಥದ್ದಕ್ಕೆಲ್ಲ ದುಡ್ಡು ಸುರಿಯುವವರಿಗೆ ಬುದ್ಧಿಯಿದೆಯೇ ಎಂದು ಗದರಿದರು. ದನಿ ಒಂದೆಡೆಯೂ ನಡುಗಲಿಲ್ಲ. ಗೆದ್ದೆವು ಎಂದುಕೊಂಡಳು ನರ್ಸ್.

ಅಕ್ಕ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಬಹಳ ಅಕ್ಕರೆಯಿಂದ, “ಹೌದಾ? ಹಾಗಾದ್ರೆ ಅದಕ್ಕೆ ಹೋಗೋದು ಬೇಡ ಬಿಡು” ಎಂದಳು.

ವಿಮರ್ಶಕರು ಮೈಕು ಆರಿಸಿದರು. ಕುರ್ಚಿಯ ಬೆನ್ನಿಗೆ ಒರಗಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. “ಅದು ನಾವಿಬ್ರೂ ಹೋದ ವಾರ ಒಟ್ಟಿಗೇ ನೋಡಿದ್ದು, ಸಿಸ್ಟರ್” ಎಂದರು. “ಗಾಬರೀಲಿ ಅದೇ ಬಾಯಿಗೆ ಬಂತು. ಆ ದೋಣಿ ವಾಪಸ್ ಬರುವಾಗ ನಾನು ಅತ್ತುಬಿಟ್ಟಿದ್ದೆ. ಅವಳೇ ಸೆರಗಲ್ಲಿ ಕಣ್ಣೊರೆಸಿದ್ದು.”

ಅಕ್ಕ ಹಾಸಿಗೆಯಿಂದ ಇಳಿದಾಗ ನಗುತ್ತಲೇ ಇದ್ದಳು. ತಮ್ಮನ ಮೊಣಕೈಯ ತೇಪೆ ಬಿಚ್ಚಿಕೊಂಡಿದೆಯೆಂದು ಬೈದು, ಹೊಲಿದುಕೊಡುತ್ತೇನೆ ಬಿಚ್ಚು ಎಂದು ಅಲ್ಲೇ ಸ್ವೆಟರನ್ನು ಬಿಚ್ಚಿಸಿಕೊಂಡು ಹೋದಳು. ಮರುದಿನದ ವರದಿಯಲ್ಲಿ ಗಡ್ಡೆಯ ಹೆಸರು ಮಾತ್ರ ಹೊಸದಾಗಿತ್ತು.

ಆಪರೇಷನ್ ಆಯಿತು. ಅದರ ಬೆನ್ನಿಗೆ ಔಷಧಿ, ವಾಂತಿ, ಉದುರುವ ಕೂದಲು. ಅಷ್ಟು ತಿಂಗಳೂ ಸ್ಕ್ಯಾನಿಂಗ್ ಕೋಣೆಯಲ್ಲಿ ಸಿನಿಮಾದ ಸೊಲ್ಲೇ ಇರಲಿಲ್ಲ. ಬಾಯೇ ತನಗೆ ದ್ರೋಹ ಮಾಡುತ್ತದೆಂದು ತಿಳಿದ ಮೇಲೆ ವಿಮರ್ಶಕರು ತುಟಿ ಹೊಲಿದುಕೊಂಡಿದ್ದರು. ಉಸಿರು ಎಳೆಯಿರಿ, ಹಿಡಿಯಿರಿ, ಬಿಡಿ, ಅಷ್ಟೇ ಮಾತು. ಬೆಂಚಿನ ಮೇಲೆ ಕಂಡಕ್ಟರು ಕಂಗಾಲಾಗಿ ಕೂತಿರುತ್ತಿದ್ದರು. ಬಾಗಿಲು ತೆರೆದಾಗ ಬೈಗುಳ ಕೇಳಿಸದ ಆ ಕಾರಿಡಾರು ನರ್ಸ್‌ಗೆ ಎಂದೂ ಇಲ್ಲದಷ್ಟು ಹೆದರಿಕೆ ಹುಟ್ಟಿಸುತ್ತಿತ್ತು.

ಮತ್ತೆ ಅಕ್ಕನ ಸ್ಕ್ಯಾನ್ ದಿನ ಬಂತು. ಹಾಸಿಗೆ ಏರುವ ಮೊದಲೇ ಆಕೆ ಬೆರಳೆತ್ತಿ ಹೇಳಿದಳು: “ಇವತ್ತು ಸಿನಿಮಾ ಮಾತು ಬೇಡ ಕಣೋ. ಏನಿದ್ರೂ ನಾಳೆ ಡಾಕ್ಟ್ರ ಬಾಯಿಂದಲೇ ಕೇಳ್ತೀನಿ.” ಅವರು ಆಗಲಿ ಎಂದರು. ಚಿತ್ರಗಳು ಬಂದವು. ನರ್ಸ್ ಪರದೆ ಬಿಟ್ಟು ಮುಖವನ್ನೇ ನೋಡಿದಳು. ಅಲ್ಲಿ ಏನೂ ಸಿಕ್ಕಲಿಲ್ಲ. “ಬಿಡು” ಎಂಬ ಮಾತು ಸರಿಯಾದ ಹೊತ್ತಿಗೆ ಬಂತು, ಅಷ್ಟೇ. ಅಕ್ಕ ಇಳಿದು, ತಮ್ಮನ ಕಡೆ ನೋಡದೆ, ಬಾಗಿಲು ದಾಟಿ, ಚಪ್ಪಲಿ ಮೆಟ್ಟಿಕೊಳ್ಳಲು ಬಾಗಿದಳು. ಬೆಂಚಿನವರೆಲ್ಲ ಉಸಿರು ಹಿಡಿದಿದ್ದರು. ಕಂಡಕ್ಟರ ಪೇಪರು ಮಡಿಲಿಗೆ ಇಳಿದಿತ್ತು.

ಆಗ ಬಾಗಿಲ ಸಂದಿಯಿಂದ ಕಂದು ಸ್ವೆಟರಿನ ತೋಳೊಂದು, ಅದರ ಹಿಂದೆ ಆ ಓರೆ ಮನುಷ್ಯ.

“ಅಕ್ಕಾ… ಹೇಳಬಾರದು, ಆದ್ರೂ ಹೇಳ್ತೀನಿ. ಮೊನ್ನೆ ಒಂದು ದರಿದ್ರ ಸಿನಿಮಾ ನೋಡ್ದೆ…”

ಅಕ್ಕ ಒಂದೇ ಚಪ್ಪಲಿ ಮೆಟ್ಟಿ ಬೆಂಚಿನ ಮೇಲೆ ಕುಸಿದು, ಬಾಯಿಗೆ ಸೆರಗೊತ್ತಿಕೊಂಡು, ಆ ನಾಯಕನ ಪೆದ್ದುತನವನ್ನು, ಹಾಡುಗಳ ಹಾಳುಮೂಳನ್ನು, ತಲೆಕೆಳಗಾದ ಎಕ್ಸ್‌ರೇಯನ್ನು ಮೊದಲಿಂದ ಕೊನೆಯವರೆಗೆ ಕೇಳಿ ಅತ್ತಳು. ಮರುದಿನದ ವರದಿಯಲ್ಲೂ ಏನೂ ಇರಲಿಲ್ಲ.

ಇಂಥವರು ಎಲ್ಲ ಕಡೆಯೂ ಇರುತ್ತಾರೆ. ಅವರಿಗೆ ಊಟಕ್ಕೆ ಉಪ್ಪು ಸಾಲದು, ಮದುವೆಗೆ ಸಡಗರ ಸಾಲದು, ಯಾವ ಸಿನಿಮಾವೂ ಸರಿಬರದು. ಒಳ್ಳೆಯ ಮಾತಿಗೆ ಇವರು ಎಷ್ಟು ಜಿಪುಣರೆಂದು ನಾವು ಮುಖ ತಿರುಗಿಸುತ್ತೇವೆ. ಬೇರೇನೂ ಕೊಡಲಾಗದ ಹೊತ್ತಿಗೆಂದು ಅವರು ಆ ಒಳ್ಳೆಯ ಮಾತನ್ನು ತೆಗೆದಿಟ್ಟಿರುತ್ತಾರೆ ಎಂಬುದು ನಮಗೆ ತಿಳಿಯುವುದಿಲ್ಲ. ಅಂಥವರೊಬ್ಬರು ಮನೆಯಲ್ಲೋ ಕೆಲಸದ ಜಾಗದಲ್ಲೋ ಗೊಣಗುತ್ತಿದ್ದರೆ, ಗೊಣಗಲಿ ಬಿಡಿ. ಅಷ್ಟು ಹೊತ್ತು ನಮಗೆ ಯಾರಿಗೂ ಏನೂ ಆಗಿಲ್ಲ ಎಂದರ್ಥ.