ಕ್ಯಾಲೆಂಡರ್ ಅಂಗಿ ತೊಟ್ಟ ಪುಸ್ತಕಗಳು

ಒಲೆಯ ಮೇಲೆ ಕುದಿಯುವ ಮೈದಾಹಿಟ್ಟಿನ ಅಂಟಿಗೆ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬಿದ್ದಾಗ ಏಳುತ್ತಿದ್ದ ವಾಸನೆ ಎಪ್ಪತ್ತೆರಡರ ಶಿವಕುಮಾರಿಯವರಿಗೆ ಇನ್ನೂ ನೆನಪಿತ್ತು. ಧಾರವಾಡದಲ್ಲಿ ಅವರ ಅಪ್ಪ ಆ ಅಂಟಿನಿಂದ ಪುಸ್ತಕಗಳಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸುತ್ತಿದ್ದರು. ಮದುವೆಯಾಗಿ ಸಾಂತಾಕ್ರೂಜಿಗೆ ಬಂದ ಮೇಲೆ ಅವರೂ ಅದನ್ನೇ ಮುಂದುವರಿಸಿದರು. ಹೀಗಾಗಿ ಹಾಲ್‌ನ ಕಪಾಟಿನಲ್ಲಿದ್ದ ಮುನ್ನೂರು ಪುಸ್ತಕಗಳು ನೋಡುವವರಿಗೆ ಬರೀ ತಾರೀಖುಗಳಾಗಿದ್ದವು. ಎರಡನೆಯ ಸಾಲಿನ ಮಾರ್ಚ್ ಒಂದು ಕಾದಂಬರಿ, ಪಕ್ಕದ ಆಗಸ್ಟ್ ಪ್ರಬಂಧಗಳು ಎಂಬುದು ಅವರೊಬ್ಬರಿಗೇ ಗೊತ್ತು. ಇಷ್ಟು ವರ್ಷದ ಕ್ಯಾಲೆಂಡರ್ ಯಾಕೆ ಕೂಡಿಟ್ಟಿದ್ದೀರಿ ಎಂದು ಪಕ್ಕದ ಮನೆಯ ರುಕ್ಮಿಣಿಬಾಯಿ ಒಮ್ಮೆ ಮರುಕದಿಂದ ಕೇಳಿದ್ದರು.

ಈ ಸಲ ಮನೆಗೆ ಬಣ್ಣ ಹಚ್ಚಿಸುವಾಗ ಮಗ ಅಮಿತ ತೀರ್ಮಾನ ಹೇಳಿದ. ಕಪಾಟಿನ ಗೋಡೆಗೆ ದೊಡ್ಡ ಟಿವಿ ಬರುತ್ತದೆ, ಪುಸ್ತಕಗಳು ಪಲಂಗದ ಪೆಟ್ಟಿಗೆಗೆ ಹೋಗುತ್ತವೆ. ಅಲ್ಲಿದ್ದರೂ ನಿನ್ನವೇ ಅಲ್ಲವೇ ಎಂದು ಸಮಾಧಾನವನ್ನೂ ಹೇಳಿದ. ಅದು ಅವನು ಮತ್ತು ಸೊಸೆ ವೈಶಾಲಿ ಮಲಗುವ ಪಲಂಗ. ಒಂದು ಪುಸ್ತಕ ಬೇಕೆಂದರೆ ಮೊದಲು ಇಬ್ಬರನ್ನು ಎಬ್ಬಿಸಿ, ಆಮೇಲೆ ಗಾದಿ ಎತ್ತಬೇಕು. ಶಿವಕುಮಾರಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ, ಅಷ್ಟೇ.

ಮೂರನೆಯ ದಿನ ಮಗ ಪರೇಲಿಗೆ, ಸೊಸೆ ಫೋರ್ಟಿಗೆ ಕೆಲಸಕ್ಕೆ ಹೋದರು. ಶಿವಕುಮಾರಿ ಕೆಳಗೆ ತಿರುಗಾಡಿ ಬಂದು ನೋಡಿದರೆ, ಹಾಲ್‌ನ ನೆಲದ ತುಂಬ ನಲವತ್ತು ವರ್ಷದ ಕ್ಯಾಲೆಂಡರ್ ಹಾಸಿತ್ತು. ಅದರ ಮೇಲೆ ಬಣ್ಣದ ಹನಿಗಳು ಬೀಳುತ್ತಿದ್ದವು. ಪೇಂಟರ್ ಗುರಲಿಂಗಪ್ಪ ಇಂಡಿ ಕಡೆಯವನು, ಶಿಸ್ತಿನ ಮನುಷ್ಯ. ನೆಲಕ್ಕೆ ಕಾಗದ ಹಾಸದೆ ಬ್ರಷ್ ಮುಟ್ಟುತ್ತಿರಲಿಲ್ಲ.

"ಪೇಪರ ಸಾಲಲಿಲ್ರಿ ಅವ್ವಾರ. ಸಾಹೇಬ್ರು ಸಿಕ್ಕ ಹಳೇ ಹಾಳಿ ಹಾಸ್ಕೋ ಅಂದಿದ್ರು."

"ಅವು ಪುಸ್ತಕದ ಅಂಗಿ ಅದಾವೋ ತಮ್ಮಾ."

ಗುರಲಿಂಗಪ್ಪ ತನ್ನ ಕಾಲ ಕೆಳಗಿನ ಫೆಬ್ರುವರಿಯನ್ನು ನೋಡಿ ಪಕ್ಕಕ್ಕೆ ಸರಿದು ನಿಂತ.

ಮೂಲೆಯಲ್ಲಿ ಪುಸ್ತಕಗಳು ಕೆಂಪಗೆ, ಹಸಿರಾಗಿ, ಹಳದಿಯಾಗಿ ಕುಳಿತಿದ್ದವು. ಅವಕ್ಕೆ ಬಣ್ಣವಿದ್ದದ್ದು ಶಿವಕುಮಾರಿಯವರಿಗೇ ಮರೆತುಹೋಗಿತ್ತು. ಮಾರ್ಚ್ ಯಾವುದೆಂದು ತಿಳಿಯದೆ ನೆಲದ ಮೇಲೆ ಕುಳಿತುಬಿಟ್ಟರು. ಗುರಲಿಂಗಪ್ಪ ಏಳನೇ ತರಗತಿ ಓದಿದವನು. ಪುಸ್ತಕಗಳ ಬೆನ್ನ ಮೇಲಿನ ಹೆಸರು ಒಂದೊಂದಾಗಿ ಓದಿದ. ಅದು ಯಾವ ಸಾಲಿಗೆಂದು ಅವರು ಹೇಳಿದರು. ಕಪಾಟಿನ ಹಿಂದಿನ ಗೋಡೆ ನಿನ್ನೆಯೇ ಒಣಗಿತ್ತು. ಮಧ್ಯಾಹ್ನದೊಳಗೆ ಕಪಾಟು ತುಂಬಿತು. ಪಲಂಗದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಅವನು ಬಾಗಿಲವರೆಗೆ ಹಿಂದೆ ಸರಿದು ನೋಡಿದ. "ಈಗ ಇಲ್ಲಿ ಯಾರೋ ಇರ್ತಾರ ಅನಸ್ತೈತಿ ನೋಡ್ರಿ."

ಅಷ್ಟರಲ್ಲಿ ಅವನಿಗೆ ಅಮಿತನ ಫೋನ್ ಬಂತು. ಶನಿವಾರ ಟಿವಿ ಹಾಕುವವರು ಬರುತ್ತಾರೆ, ಗೋಡೆ ತಯಾರಾಯಿತೇ ಎಂದು ಕೇಳಿದ. ಗುರಲಿಂಗಪ್ಪ ಹಿಂದಿಯಲ್ಲಿ ಬಹಳ ವಿನಯದಿಂದ, ಈ ಗೋಡೆಯ ಪ್ಲಾಸ್ಟರ್ ಕಚ್ಚಾ, ಡ್ರಿಲ್ ಹಾಕಿದರೆ ಉದುರುತ್ತದೆ, ಟಿವಿ ಬೆಡ್‌ರೂಮಿಗೇ ಒಳ್ಳೆಯದು ಎಂದ. ಅಮಿತ ನಿಟ್ಟುಸಿರಿಟ್ಟು, ಹಾಗಾದರೆ ಕಪಾಟು ಅಲ್ಲೇ ಇರಲಿ ಎಂದ.

ಶಿವಕುಮಾರಿ ಗೋಡೆಯನ್ನು ನೋಡಿದರು. ಅದರ ಆಚೆ ಬದಿಗೆ ರುಕ್ಮಿಣಿಬಾಯಿಯ ಟಿವಿ ಐದು ವರ್ಷದಿಂದ ತೂಗುತ್ತಿತ್ತು. ಈಗಲೂ ಅದರಿಂದ ಮರಾಠಿ ಧಾರಾವಾಹಿಯ ಅತ್ತೆಯೊಬ್ಬಳು ಅಳುವುದು ಕೇಳುತ್ತಿತ್ತು.

"ಗೋಡಿ ಅಷ್ಟು ಕಚ್ಚಾ ಐತೇನೋ?"

"ಅಂಗಿ ಹರದಾಂವ ನಾನ ಅಲ್ಲೇನ್ರಿ," ಎಂದ ಗುರಲಿಂಗಪ್ಪ.

ಅಡುಗೆಮನೆಯ ಕಟ್ಟೆಯ ತುಂಬ ಬಣ್ಣದ ಡಬ್ಬಿಗಳಿದ್ದವು, ಒಲೆ ಹಚ್ಚುವಂತಿರಲಿಲ್ಲ. ಅವನು ಕೈ ತೊಳೆದು ತನ್ನ ಬುತ್ತಿ ಬಿಚ್ಚಿದ. ಮುಚ್ಚಳದಲ್ಲಿ ಒಂದು ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಯ ಇಟ್ಟು, ಅವರ ಕೈಗೆ ಕೊಟ್ಟ.