ಸೀಬೆ ಮರದ ಕೊಂಬೆ

ಅಳಿಯ ಆರನೆಯ ಸಲ ಹಗ್ಗ ಎಳೆದಾಗ ಹುಲ್ಲು ಹೊಡೆಯುವ ಮಿಷನ್ ಕೆಮ್ಮಿ, ಹೊಗೆ ಉಗುಳಿ ಶುರುವಾಯಿತು. ನಾಲ್ಕು ಹೆಜ್ಜೆ ಹೋಗುವುದರೊಳಗೆ ಹುಲ್ಲು ಕತ್ತರಿಸುವ ಅದರ ನೈಲಾನ್ ದಾರ ತುಂಡಾಯಿತು.

ಒಳಗೆ ಮಾವನ ಹೆಣವಿತ್ತು. ಕೋಣೆ ಚಿಕ್ಕದು, ಹತ್ತು ಗಂಟೆಗೆ ಜನ ಬರುವ ಮೊದಲು ಅವರನ್ನು ಅಂಗಳಕ್ಕೆ ತಂದು ಮಲಗಿಸಬೇಕಿತ್ತು. ಅಂಗಳದಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಮೂವತ್ತು ವರ್ಷ ಶಾಲೆಯ ಮೈದಾನ ನೋಡಿಕೊಂಡ ಮಾಲಿಯ ಸ್ವಂತ ಅಂಗಳ, ಅವರು ಹಾಸಿಗೆ ಹಿಡಿದ ಮೂರು ತಿಂಗಳಲ್ಲಿ ಹೀಗಾಗಿತ್ತು.

"ಪೆಟ್ರೋಲ್‌ಗೆ ಆಯಿಲ್ ಬೆರೆಸಿದ್ಯೇನಪ್ಪಾ?" ಜಗಲಿಯಲ್ಲಿ ಕೂತಿದ್ದ ಶಾಲೆಯ ಹಳೆಯ ಜವಾನ ಕೇಳಿದ. "ಬರೀ ಪೆಟ್ರೋಲ್ ಕುಡಿಸಿದ್ರೆ ಇಂಜಿನ್ ಹಿಡ್ಕೊಳ್ಳತ್ತೆ. ಆಮೇಲೆ ಒಳಗಿರೋ ಅಣ್ಣ ಎದ್ದು ಬಂದು ಕಿವಿ ಹಿಂಡ್ತಾರೆ."

"ಬೆರೆಸಿದೀನಿ. ದಾರಾನೇ ನಿಲ್ತಿಲ್ಲ."

"ಒಣಗಿರತ್ತೆ. ಅಣ್ಣ ಹಿಂದಿನ ದಿನವೇ ನೀರಲ್ಲಿ ನೆನೆಹಾಕ್ತಿದ್ರು, ನಾವು ಕಡಲೆ ನೆನೆಹಾಕಿದ ಹಾಗೆ." ಜವಾನ ನಕ್ಕ, ಮನೆಯೊಳಗೆ ಏನಿದೆಯೆಂದು ನೆನಪಾಗಿ ದನಿ ತಗ್ಗಿಸಿದ. "ಇದನ್ನ ಕೊಳ್ಳೋವಾಗ ನಾನೂ ಜತೇಲಿದ್ದೆ. ಅಂಗಡೀಲಿದ್ದ ಒಂದೊಂದನ್ನೂ ಹೆಗಲಿಗೆ ಹಾಕಿ ತೂಕ ನೋಡಿದ್ರು. ಬೇರೇನೂ ಕೇಳ್ಲಿಲ್ಲ. ಕಲ್ಲು ಹಾರದ ಹಾಗೆ ತಡೆಯೋ ಗಾರ್ಡ್ ಗಟ್ಟಿ ಇದೆಯಾ, ಅದೊಂದೇ. ಅಂಗಡಿಯವನಿಗೆ ತಲೆ ಕೆಟ್ಟುಹೋಯ್ತು."

"ಆ ಗಾರ್ಡೇ ಈಗ ತೊಂದ್ರೆ." ಅಳಿಯ ಸ್ಪ್ಯಾನರ್ ತೆಗೆದ. "ಬಿಚ್ಚಿಬಿಟ್ರೆ ದಾರ ಉದ್ದ ಬಿಡಬಹುದು. ಹತ್ತು ನಿಮಿಷದಲ್ಲಿ ಮುಗಿಯತ್ತೆ."

ಹೆಣದ ತಲೆಯ ಬಳಿ ಕೂತಿದ್ದ ಅತ್ತೆಗೆ ಕಿಟಕಿಯಿಂದ ಆ ಮಾತು ಕೇಳಿಸಿತು. ಅವಳಿಗೆ ಎಡಗಣ್ಣಿರಲಿಲ್ಲ. ಬಾಗಿಲ ಚೌಕಟ್ಟು ತಡವಿಕೊಂಡು ಹೊರಗೆ ಬಂದಳು.

"ಬಿಚ್ಚಬೇಡ."

"ಟೈಮಿಲ್ಲ ಅತ್ತೆ..."

"ಬಿಚ್ಚಬೇಡ ಅಂದ್ನಲ್ಲ! ಅವರು ಬಿಚ್ಚಿದ್ದು ಸಾಕು."

ಹುಲ್ಲಿನ ನಡುವೆ ಕಲ್ಲು ಹೆಕ್ಕುತ್ತಿದ್ದ ಅವಳ ಮಗಳು ತಲೆಯೆತ್ತಿದಳು. "ಅಪ್ಪ ಯಾವತ್ತಮ್ಮಾ ಗಾರ್ಡ್ ಬಿಚ್ಚಿದ್ದು?"

*

ಆಗ ಅವರು ಶಾಲೆಯ ಹಿಂದೆ, ಮಾಲಿಗೆಂದು ಕೊಟ್ಟ ಮನೆಯಲ್ಲಿದ್ದರು. ಮಾರನೆಯ ದಿನ ಶಾಲೆಯ ತಪಾಸಣೆ, ಅಷ್ಟರಲ್ಲಿ ಹುಲ್ಲು ಹೊಡೆಯಬೇಕಿತ್ತು. ಬೇಗ ಮುಗಿಯಲೆಂದು ಗಂಡ ಶಾಲೆಯ ಮಿಷನ್ನಿನ ಗಾರ್ಡ್ ಬಿಚ್ಚಿ ಗೋಡೆಗೆ ಒರಗಿಸಿದ್ದ. ಏಳು ವರ್ಷದ ಮಗಳು ಸೀಬೆ ಮರದ ಮೇಲಿದ್ದಳು. ಹೆಂಡತಿ ನೀರಿನ ಚೊಂಬು ಹಿಡಿದು ಮರದ ಕೆಳಗೆ ಬಂದಳು. ಮಗಳು ಹಣ್ಣು ಕಿತ್ತುಕೊಂಡು, ಬಗ್ಗಿಸಿದ್ದ ಕೊಂಬೆಯನ್ನು ಬಿಟ್ಟಳು. ಅದೇ ಗಳಿಗೆಗೆ ದಾರಕ್ಕೆ ಸಿಕ್ಕ ಕಲ್ಲೊಂದು ಹಾರಿ ಬಂದು ಹೆಂಡತಿಯ ಕಣ್ಣಿಗೆ ಬಡಿಯಿತು.

ಗಾರ್ಡ್ ಬಿಚ್ಚಿದ್ದು ಗೊತ್ತಾದರೆ ಕೆಲಸ ಹೋಗುತ್ತಿತ್ತು, ಕೆಲಸದ ಜತೆ ಮನೆಯೂ. ಆಸ್ಪತ್ರೆಯಲ್ಲಿ ಅವನು, "ಮರದ ಕೊಂಬೆ ತಾಗ್ತು," ಎಂದ.

ಸಂಜೆ ಮಗಳು ಮಂಚದ ಕಾಲು ಹಿಡಿದುಕೊಂಡು ಬಿಕ್ಕಿದಳು. "ನಾನೇ ಅಪ್ಪಾ. ಕೊಂಬೆ ಬಿಟ್ಟಿದ್ದು ನಾನೇ."

ಅವನು ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಹೆಂಡತಿ, ಈಗ ನಿಜ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದಳು.

"ಅಳಬೇಡ ಪುಟ್ಟಿ. ಬೇಕು ಅಂತ ಮಾಡಿದ್ದಲ್ವಲ್ಲ," ಎಂದ ಅವನು. "ಯಾರಿಗೂ ಹೇಳಬೇಡ. ಅಪ್ಪ ಬೈಯಲ್ಲ."

ಹೆಂಡತಿಯೂ ಬಾಯಿ ಬಿಡಲಿಲ್ಲ. ಮಗಳು ದೊಡ್ಡವಳಾದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಮಗಳು ದೊಡ್ಡವಳಾದಳು. ದೂರದ ಕಾಲೇಜಿನಿಂದ ಕರೆ ಬಂದಾಗ, "ಅಮ್ಮನಿಗೆ ಒಂದು ಕಣ್ಣಿಲ್ಲ, ನಾನು ಹೋಗಲ್ಲ," ಎಂದು ಕಾಗದ ಮಡಿಸಿಟ್ಟಳು. ಅಪ್ಪ ಆಗ ಮಿಷನ್ನಿನ ಫಿಲ್ಟರ್ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ.

*

ತಾಯಿ ಹೇಳಿ ಮುಗಿಸಿದಳು.

"ಮೊನ್ನೆ ಅವರ ಕಾಲು ಹಿಡ್ಕೊಂಡಿದ್ದೆ," ಎಂದಳು ಮಗಳು. "ನೀವು ಯಾರಿಗೂ ಹೇಳ್ಲಿಲ್ಲ ಅಪ್ಪಾ, ಆ ಉಪಕಾರ ಮರೆಯಲ್ಲ ಅಂದೆ. ನನ್ನ ತಲೆ ಸವರಿದ್ರು. ನೀನೂ ಅಲ್ಲೇ ಇದ್ದೆ."

"ಇದ್ದೆ."

"ಇಪ್ಪತ್ತೇಳು ವರ್ಷ ಅಮ್ಮಾ."

"ಸತ್ತೋರ ಮುಂದೆ ಇದೆಲ್ಲ ಬೇಡ ತಾಯಿ," ಜವಾನ ಗೊಣಗಿದ.

"ಬದುಕಿದ್ದಾಗ ಯಾರು ಬಾಯಿ ಬಿಟ್ರು ಚಿಕ್ಕಪ್ಪಾ?" ಮಗಳು ಅವನತ್ತ ತಿರುಗಿದಳು.

ಅಳಿಯ ಸಡಿಲಿಸಿದ್ದ ಬೋಲ್ಟನ್ನು ಮತ್ತೆ ಬಿಗಿ ಮಾಡಿದ. ಹೊಸ ದಾರ ಸುತ್ತಿ, ಅಂಗಳವನ್ನು ನಿಧಾನವಾಗಿ ಹೊಡೆದ. ಜನ ಬಂದು ಬೇಲಿಯಾಚೆ ಕಾದರು.

ಮಧ್ಯಾಹ್ನ ಮಸಣದಲ್ಲಿ ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿ ಸರಿದರು. ಮಗಳೂ ಬಗ್ಗಿ ಒಂದು ಹಿಡಿ ತೆಗೆದುಕೊಂಡಳು. ಗುಂಡಿಯ ಅಂಚಿನಲ್ಲಿ ನಿಂತಳು. ಹಿಂದೆ ಸಾಲು ಬೆಳೆಯಿತು.

"ಹಾಕಮ್ಮಾ," ಯಾರೋ ಮೆಲ್ಲಗೆ ಅಂದರು.

ತಾಯಿ ಹತ್ತಿರ ಬಂದು ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಮೂರನೆಯದನ್ನು ಬಿಡಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಮಡಚಿಕೊಳ್ಳುತ್ತಿತ್ತು.