ಕೊಟ್ಟೆ, ತಗೊಂಡೆ

ನನಗೆ ಮೂಗಿನ ತುದಿಯಲ್ಲೇ ಕೋಪ. ವಿಶ್ವವಿದ್ಯಾಲಯದಲ್ಲಿ ಹಣಕಾಸು ಪಾಠ ಮಾಡುತ್ತ ಇಪ್ಪತ್ತೆರಡು ವರ್ಷ ಕಳೆದರೂ ಅದು ಇಳಿದಿಲ್ಲ. ವಿದ್ಯುತ್ ಕಂಪನಿಗಳ ಕೆಲಸಕ್ಕೆಂದೇ ಹನ್ನೊಂದು ವಿದ್ಯಾರ್ಥಿಗಳನ್ನು ತಯಾರು ಮಾಡುವ ಹೊಣೆ ಈ ವರ್ಷ ನನ್ನ ತಲೆಗೆ ಬಿದ್ದಾಗ, ಆ ಕೋಪಕ್ಕೆ ಹೊಸ ಗಿರಾಕಿಯೊಬ್ಬ ಸಿಕ್ಕ. ಅವನನ್ನು ಎಲ್ಲರೂ ಪಟಪಟ ಎಂದು ಕರೆಯುತ್ತಿದ್ದರು.

ಲೆಕ್ಕದಲ್ಲಿ ಅವನಷ್ಟು ಚುರುಕಾದವರು ನನ್ನ ತರಗತಿಗೆ ಬಂದಿಲ್ಲ. ಆದರೆ ಗೊತ್ತಿಲ್ಲ ಎಂಬ ಮಾತು ಮಾತ್ರ ಜಪ್ಪಯ್ಯ ಅಂದರೂ ಅವನ ಬಾಯಿಂದ ಬರುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ಅರಳು ಹುರಿದ ಹಾಗೆ ಉತ್ತರ, ಗೊತ್ತಿಲ್ಲದ ಕಡೆ ಬೂಸಿ. ಎರಡು ಕಂಪನಿಗಳು ಸಂದರ್ಶನದಲ್ಲಿ ಆ ಬೂಸಿಯನ್ನು ಹಿಡಿದು ಅವನನ್ನು ವಾಪಸ್ ಕಳಿಸಿದ್ದವು. ಮೂರನೆಯದು, ಈ ವರ್ಷದ ಕೊನೆಯದು, ಎಂಟು ವಾರ ಕಳೆದು ಬರುವುದಿತ್ತು. ಅದೂ ಕೈತಪ್ಪಿದರೆ ಚಿಕ್ಕಪ್ಪನ ಟೈರ್ ಅಂಗಡಿ ಸೇರಬೇಕು ಎಂದು ನಗುನಗುತ್ತಲೇ ಹೇಳುತ್ತಿದ್ದ. ಉಗುರು ಕಚ್ಚಿ ಕಚ್ಚಿ ಅವನ ಬೆರಳ ತುದಿಗಳೆಲ್ಲ ಕೆಂಪಾಗಿದ್ದವು. ನನಗೆ ಅವನ ಮೇಲೆ ಎಷ್ಟು ಸಿಟ್ಟೋ ಅಷ್ಟೇ ಅಕ್ಕರೆ.

ಕೊನೆಗೆ ನನ್ನ ಅಣ್ಣನನ್ನು ತರಗತಿಗೆ ಕರೆತಂದೆ. ಮೂವತ್ತೈದು ವರ್ಷ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಮಾಡಿ ನಿವೃತ್ತನಾದವನು ಅವನು. ಮೊದಲ ದಿನ ಪಟಪಟ ಒಂದು ಸ್ಥಾವರದ ಇಪ್ಪತ್ತು ವರ್ಷದ ಆದಾಯವನ್ನು ಪರದೆಯ ಮೇಲೆ ತೋರಿಸಿದ. ಅಣ್ಣ ಕನ್ನಡಕ ಏರಿಸಿಕೊಂಡು ನೋಡಿದ.

"ನಿನ್ನ ಯಂತ್ರಕ್ಕೆ ರಜಾನೇ ಇಲ್ವೇನಪ್ಪಾ? ವರ್ಷಪೂರ್ತಿ ಓಡ್ತಾನೇ ಇದೆ. ಎಣ್ಣೆ ಬದಲಾಯಿಸೋದು ಯಾವಾಗ?"

"ಅದು ಸಣ್ಣ ವಿಷಯ ಸರ್. ಎರಡು ಪರ್ಸೆಂಟ್ ಕಳೆದರಾಯ್ತು."

"ಎರಡೇ ಅಂತ ಯಾರು ಹೇಳಿದ್ರು?"

"ಸಾಮಾನ್ಯವಾಗಿ ಅಷ್ಟೇ ಇರುತ್ತೆ ಸರ್."

"ಅಂದ್ರೆ, ನೋಡಿಲ್ಲ."

ತರಗತಿ ಗೊಳ್ಳೆಂದಿತು. ಪಟಪಟನೂ ನಕ್ಕ, ಆದರೆ ಒಪ್ಪಲಿಲ್ಲ.

ಆಮೇಲೆ ಅಣ್ಣ ಸ್ಥಾವರದ ಪದ್ಧತಿಯನ್ನೇ ತರಗತಿಗೆ ತಂದ. ಅಲ್ಲಿ ಶಿಫ್ಟ್ ಮುಗಿಸುವವನು ಲಾಗ್‌ಬುಕ್ ಮುಂದೆ ನಿಂತು ಮುಂದಿನವನಿಗೆ ಎಲ್ಲ ವಿವರ ಹೇಳಬೇಕು. ಕೊನೆಯಲ್ಲಿ, ತಾನು ಏನೇನು ನೋಡಿಲ್ಲ ಎನ್ನುವುದನ್ನೂ ಹೇಳಿ "ಕೊಟ್ಟೆ" ಅನ್ನಬೇಕು. ಬಂದವನು ಕೆಳಗೆ ಸಹಿ ಹಾಕಿ "ತಗೊಂಡೆ" ಅಂದಮೇಲೇ ಹಿಂದಿನವನಿಗೆ ಮನೆಯ ದಾರಿ. ನಮ್ಮ ಹುಡುಗರೂ ಪ್ರತಿ ವಾರ ತಮ್ಮ ವರದಿಯನ್ನು ಹೀಗೇ ಒಪ್ಪಿಸಬೇಕಾಯಿತು. ಹತ್ತು ಜನರ ಕಾಗದಕ್ಕೆ ಅಣ್ಣ ಸಹಿ ಹಾಕಿದ. ಪಟಪಟನ ಕಾಗದದಲ್ಲಿ ಮಾತ್ರ ನೋಡದೆ ಬಿಟ್ಟದ್ದು ಅಂತ ಏನೂ ಇರುತ್ತಿರಲಿಲ್ಲ. ಆರು ವಾರ ಅಣ್ಣ ಅವನಿಗಾಗಿ ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ.

ಏಳನೇ ವಾರ ಪಟಪಟ ಸಿಡುಕಿದ. "ಗೊತ್ತಿಲ್ಲ ಅನ್ನೋನಿಗೆ ಯಾರು ಸರ್ ಕೆಲಸ ಕೊಡ್ತಾರೆ?"

ಗದರಿಸಲು ನಾನು ಬಾಯಿ ತೆರೆದೆ. ಅಣ್ಣ ಕೈ ಅಡ್ಡ ಮಾಡಿ, ಹೋಗಿ ಅವನ ಪಕ್ಕ ಬೆಂಚಿನ ತುದಿಯಲ್ಲಿ ಕೂತ.

"ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದಿನ ಮನೆಗೆ ಹೋಗೋ ಅವಸರ. ಉಗಿ ಕೊಳವೆಯ ಒಂದು ವಾಲ್ವ್ ನೋಡಿರಲಿಲ್ಲ. ಎಲ್ಲ ಸರಿ ಇದೆ ಅಂತ ಬರೆದುಬಿಟ್ಟೆ. ನನ್ನ ಗೆಳೆಯ ನನ್ನನ್ನ ನಂಬಿ ಸಹಿ ಹಾಕಿದ. ಅರ್ಧ ಗಂಟೇಲಿ ಅವನ ಬಲಗೈ ಬೆಂದುಹೋಯ್ತು. ನೋಡಿಲ್ಲ ಅಂತ ಒಂದು ಮಾತು ಹೇಳಿದ್ರೆ, ಅವನು ಮೊದಲು ಅದನ್ನೇ ಹೋಗಿ ನೋಡ್ತಿದ್ದ. ಅವನ ಮೂರು ಬೆರಳು ಇವತ್ತಿಗೂ ಮಡಿಚೋಕಾಗಲ್ಲ."

ಆ ಬೆರಳುಗಳು ನನಗೆ ಗೊತ್ತು. ಆ ಗೆಳೆಯರು ಮೂವತ್ತು ವರ್ಷದಿಂದ ಪ್ರತಿ ಭಾನುವಾರ ನಮ್ಮ ಮನೆಗೆ ಬರುತ್ತಾರೆ. ಅಣ್ಣ ಅವರ ಪಕ್ಕ ಕೂತು ಕಿತ್ತಳೆ ಸುಲಿದು, ನಾರು ಬಿಡಿಸಿ, ಒಂದೊಂದೇ ತೊಳೆಯನ್ನು ತಟ್ಟೆಗೆ ಇಡುತ್ತಾನೆ. ಒಡಹುಟ್ಟಿದ ತಂಗಿಗೆ ಒಂದು ಲೋಟ ನೀರು ಕೊಟ್ಟವನಲ್ಲ! ಇಬ್ಬರೂ ಗಳಸ್ಯ ಕಂಠಸ್ಯ ಎಂದು ನಾನು ಛೇಡಿಸುತ್ತಲೇ ಬಂದಿದ್ದೆ. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಪಟಪಟ ಕಾಗದ ಮಡಿಚಿ ಜೇಬಿಗಿಟ್ಟುಕೊಂಡು ಹೋದ. ಮರುವಾರ ತರಗತಿಗೂ ಬರಲಿಲ್ಲ.

ಸಂದರ್ಶನ ಒಂದು ಭಾನುವಾರ. ಹಿಂದಿನ ಕುರ್ಚಿಯಲ್ಲಿ ಕೂರಲು ನನಗೆ ಅನುಮತಿ ಇತ್ತು, ಬಾಯಿ ತೆರೆಯಲು ಇರಲಿಲ್ಲ. ಮೇಜಿನ ಆಚೆ ಮೂವರು, ನಡುವೆ ನರೆಗೂದಲಿನ ಹಿರಿಯ ಇಂಜಿನಿಯರಮ್ಮ. ತಮ್ಮದೊಂದು ಸ್ಥಾವರದ ವಿವರ ಕೊಟ್ಟು ಲೆಕ್ಕ ಕೇಳಿದ್ದರು. ಪಟಪಟ ಸರಾಗವಾಗಿ ಒಪ್ಪಿಸಿದ. ಆಕೆ ಫೈಲ್ ಮುಚ್ಚಲು ಹೋದರು.

"ಮೇಡಂ, ಇನ್ನೂ ಇದೆ," ಅಂದ. ಬಾಯಿಗೆ ಹೋಗುತ್ತಿದ್ದ ಬೆರಳನ್ನು ಕೆಳಗಿಳಿಸಿದ. "ಯಂತ್ರ ವರ್ಷಕ್ಕೆ ಹತ್ತು ದಿನ ನಿಲ್ಲುತ್ತೆ ಅಂತ ಹಾಕಿದೀನಿ. ಅದು ನೀವು ಕೊಟ್ಟಿದ್ದು. ಹಳೇ ಲಾಗ್‌ಬುಕ್ ನಾನು ನೋಡಿಲ್ಲ. ಎಂಟನೇ ವರ್ಷದ ದೊಡ್ಡ ರಿಪೇರಿಗೆ ಎಷ್ಟು ದಿನ ಹಿಡಿಯುತ್ತೆ, ಅದೂ ನೋಡಿಲ್ಲ. ಎರಡು ತಿಂಗಳು ನಿಂತರೆ ಆ ವರ್ಷದ ಲಾಭ ಪೂರ್ತಿ ಹೋಗುತ್ತೆ." ಕಾಗದವನ್ನು ಮುಂದಕ್ಕೆ ತಳ್ಳಿದ. "ಕೊಟ್ಟೆ."

ಪಕ್ಕದವರಿಬ್ಬರೂ ಮುಖ ಮುಖ ನೋಡಿಕೊಂಡರು. ಕೊಟ್ಟನಂತೆ! ಇನ್ನು ಟೈರ್ ಅಂಗಡಿಯೇ ಗತಿ ಎಂದು ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಇಂಜಿನಿಯರಮ್ಮ ಮಾತ್ರ ಅವನನ್ನೇ ನೋಡುತ್ತಿದ್ದರು. ಆಮೇಲೆ ಅವನ ಕಾಗದ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಕೆಳಗೆ ಸಹಿ ಹಾಕಿದರು.

"ತಗೊಂಡೆ," ಅಂದರು. "ಮುಂದಿನ ತಿಂಗಳು ಬಂದು ಕೆಲಸಕ್ಕೆ ಸೇರಪ್ಪ. ಮೊದಲು ಆ ಲಾಗ್‌ಬುಕ್ ನೋಡು."

ನನಗೆ ಅಳು ಬಂತು. ಬಂತು ಅಂದರೆ ಬಂತು, ಏನೀಗ? ಹೊರಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ.

"ಏನಂದ್ರು ಪುಟ್ಟಿ?"

"ಕೆಲಸ ಸಿಕ್ಕಿತು ಅಣ್ಣಾ. ಅವನ ಕಾಗದಕ್ಕೆ ಸಹಿ ಹಾಕಿ, ತಗೊಂಡೆ ಅಂದ್ರು."

ಭಾನುವಾರವಾದ್ದರಿಂದ ಗೆಳೆಯರು ಅವನ ಪಕ್ಕದಲ್ಲೇ ಇದ್ದರು. ಫೋನ್ ಅವರ ಕೈಗೆ ಹೋಯಿತು.

"ಏನಮ್ಮಾ ಹೇಳಿದೆ ಇವನಿಗೆ? ಕಿತ್ತಳೆ ಅರ್ಧ ಸುಲಿದು ಕಣ್ಣೊರೆಸ್ತಾ ಕೂತಿದಾನೆ."

ನಾನು ಎಲ್ಲ ಹೇಳಿದೆ, ಅಣ್ಣ ವಾಲ್ವಿನ ಕಥೆ ಹೇಳಿದ್ದನ್ನೂ ಸೇರಿಸಿ.

"ನನ್ನ ಹತ್ತಿರ ಒಂದಿನಾನೂ ಅದರ ಮಾತೆತ್ತಿಲ್ಲ ಕಣಮ್ಮ," ಅಂದರು ಮೆಲ್ಲಗೆ. "ನೋಡದೆ ಸಹಿ ಹಾಕಿದ್ದು ನಾನೂ ತಾನೇ?"

ಆಮೇಲೆ ಫೋನ್ ಕಿವಿಯಲ್ಲೇ ಇಟ್ಟುಕೊಂಡು ಅಣ್ಣನಿಗೆ ಗದರಿಸಿದ್ದು ನನಗೆ ಕೇಳಿಸಿತು. "ಲೋ, ಕೊಡೋ ಇಲ್ಲಿ ಆ ಹಣ್ಣು. ಉಳಿದದ್ದು ನಾನೇ ಸುಲೀತೀನಿ."